ಬಾಣಂತಿ ಕೋಣೆಯಿಂದ ಅಂಗಳದವರೆಗೆ

ಉತ್ತರ ಕರ್ನಾಟಕದ ಕಡೆ ಬಾಣಂತಿಗೆ ಹೊರಸಿನ ಕೆಳಗೆ ಕೆಂಡವಿಟ್ಟು ಕಾಸುತ್ತಾರೆ. ಮಲೆನಾಡು, ಕರಾವಳಿಯಲ್ಲಿ ಎಣ್ಣೆ ತಿಕ್ಕಿ ಹಂಡೆಗಟ್ಟಲೆ ಬಿಸಿನೀರು ಹೊಯ್ಯುತ್ತಾರೆ. ರೀತಿ ಬೇರೆಯಾದರೂ ಹಿರಿಯರ ತಾಕೀತು ಒಂದೇ: ‘ಏಳಬೇಡ, ಓಡಾಡಬೇಡ, ನಂಜಾಗುತ್ತೆ.’

ಈ ಆರೈಕೆಯ ಹಿಂದಿರುವ ಅಕ್ಕರೆ ದೊಡ್ಡದು. ಎಷ್ಟೋ ಹೆಣ್ಣುಮಕ್ಕಳಿಗೆ ಬದುಕಿನಲ್ಲಿ ಸಿಗುವ ನಿಜವಾದ ಬಿಡುವು ಅದೊಂದೇ. ಆದರೆ ಹೆರಿಗೆಯ ನಂತರದ ಆರು ವಾರ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು; ಓಡಾಡದೆ ಮಲಗೇ ಇದ್ದರೆ ಅದು ಮತ್ತಷ್ಟು ಏರುತ್ತದೆ. ಸಿಸೇರಿಯನ್ ಆದವರಿಗಂತೂ ಇನ್ನೂ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್. ಹೊಲಿಗೆ ಮಾಯುವ ಮೊದಲೇ ನರ್ಸ್ ಕೈಹಿಡಿದು ನಡೆಸಿದ ತಾಯಿಯನ್ನು ಮನೆಗೆ ಕರೆತಂದು ಮತ್ತೆ ಮಲಗಿಸಿಬಿಡುತ್ತೇವೆ.

ಯಾರೂ ಬಾಯಿಬಿಟ್ಟು ಹೇಳದ ಸಂಕಟ ಇನ್ನೊಂದಿದೆ. ಕೆಮ್ಮಿದರೆ, ಸೀನಿದರೆ ಮೂತ್ರ ಸೋರುತ್ತದೆ. ‘ಹೆತ್ತ ಮೇಲೆ ಇದೆಲ್ಲ ಇದ್ದದ್ದೇ’ ಎಂಬ ಮಾತಿಗೆ ತಲೆಬಾಗಿ ವರ್ಷಗಟ್ಟಲೆ ಸಹಿಸುವವರಿದ್ದಾರೆ. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹಿಡಿದಿಡುವ ಸ್ನಾಯುಗಳು ಹೆರಿಗೆಯಲ್ಲಿ ಸಡಿಲಗೊಂಡಿರುತ್ತವೆ. ಅವುಗಳಿಗೆ ಬಲ ತುಂಬುವ ಅಭ್ಯಾಸವನ್ನು ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲೇ ವಿವರಿಸಿದ್ದರು. ಮೂತ್ರ ತಡೆಯುವಂತೆ ಒಳಕ್ಕೆ ಬಿಗಿಹಿಡಿದು, ಕೆಲವು ಸೆಕೆಂಡ್ ಬಿಟ್ಟು ಸಡಿಲಿಸುವುದು. ಉಸಿರು ಕಟ್ಟಬಾರದು, ಅಷ್ಟೇ. ಮಗುವಿಗೆ ಹಾಲೂಡಿಸುತ್ತಲೇ ಮಾಡಬಹುದು. ಹೊಟ್ಟೆಗೆ ಬಿಗಿದ ಬಟ್ಟೆ ಸೊಂಟಕ್ಕೆ ಹಿತ ಕೊಟ್ಟೀತು, ಸ್ನಾಯುವಿನ ಕೆಲಸವನ್ನು ಅದು ಮಾಡಲಾರದು.

ಸಹಜ ಹೆರಿಗೆಯಾಗಿ ತೊಡಕಿಲ್ಲದಿದ್ದರೆ ಕೆಲವೇ ದಿನಗಳಲ್ಲಿ ಅಂಗಳದಲ್ಲಿ ಮೆಲ್ಲಗೆ ನಡೆಯತೊಡಗಬಹುದು. ಸಿಸೇರಿಯನ್ ಆದವರು ಭಾರದ ವ್ಯಾಯಾಮಕ್ಕೆ ಮುನ್ನ ವೈದ್ಯರನ್ನು ಕೇಳಲೇಬೇಕು. ಮುಂದೆ ಶಕ್ತಿ ಬಂದಂತೆ ವಾರಕ್ಕೆ 150 ನಿಮಿಷದ ಚಟುವಟಿಕೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಹದವಾದ ವ್ಯಾಯಾಮದಿಂದ ಎದೆಹಾಲು ಬತ್ತುವುದಿಲ್ಲ. ಮನಸ್ಸಿಗೆ ಕವಿದ ಮಂಕೂ ಎಷ್ಟೋ ಕಡಿಮೆಯಾಗುತ್ತದೆ. ರಕ್ತಸ್ರಾವ ಹೆಚ್ಚಿದರೆ, ಒಂದು ಕಾಲು ಮಾತ್ರ ಊದಿ ನೋವಾದರೆ, ಎದೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ತಿಂಗಳೊಳಗೆ ಹೊಟ್ಟೆ ಕರಗಿಸುವ ಜಾಹೀರಾತುಗಳ ಮಾತು ಬೇಡ. ಬಾಣಂತಿಗೆ ಬೇಕಾದದ್ದು ಬಲ. ಹಾಗೆಯೇ, ಹಸಿ ಮೈಯಲ್ಲಿ ಕೊಡ ಹೊರುವ, ಕೂಲಿಗೆ ಹೋಗುವ ತಾಯಿಯ ದುಡಿಮೆಯನ್ನು ವ್ಯಾಯಾಮವೆಂದು ಯಾರೂ ಕರೆಯಬಾರದು. ಅವಳಿಗೆ ಮೊದಲು ವಿಶ್ರಾಂತಿ ಸಿಗಬೇಕು.

ಬಾಣಂತಿಗೆ ಉಪದೇಶ ಮಾಡುವವರಿಗೆ ಕೊರತೆಯಿಲ್ಲ. ಅವಳು ನಡೆದು ಬರುವಷ್ಟು ಹೊತ್ತು ಮಗುವನ್ನು ಎತ್ತಿಕೊಳ್ಳಲು ಗಂಡನೋ ಅತ್ತೆಯೋ ಮುಂದಾಗಬೇಕು. ಆಸ್ಪತ್ರೆ ಹೆರಿಗೆಯ ನಂತರ ಆಶಾ ಕಾರ್ಯಕರ್ತೆ 42 ದಿನಗಳಲ್ಲಿ ಸಾಮಾನ್ಯವಾಗಿ ಆರು ಬಾರಿ ಮನೆಗೆ ಬಂದು ಮಗುವಿನ ತೂಕ ನೋಡುತ್ತಾಳೆ. ಆಗ ತಾಯಿಯನ್ನೂ ‘ಇವತ್ತು ನಡೆದ್ಯಾ? ಕೆಮ್ಮಿದಾಗ ಏನಾದ್ರೂ ತೊಂದ್ರೆ ಇದ್ಯಾ?’ ಎಂದು ಮನೆಯವರ ಎದುರಲ್ಲೇ ಕೇಳಲಿ.