ಬಿದ್ದದ್ದು ನಕ್ಷತ್ರವಲ್ಲ: ಕ್ಷುದ್ರಗ್ರಹ, ಧೂಮಕೇತು, ಉಲ್ಕೆ ಯಾವುದು ಯಾವುದು?

ನಂಜನಗೂಡು, ತಿ.ನರಸೀಪುರ ಕಡೆಯ ಹೊಲದಲ್ಲಿ ರಾತ್ರಿ ನೀರು ಹಾಯಿಸುವವರು ಆಕಾಶದಲ್ಲಿ ಬೆಳಕಿನ ಗೆರೆ ಸರ್ರನೆ ಹಾದುಹೋಗೋದನ್ನು ನೋಡಿಯೇ ಇರ್ತಾರೆ. ‘ನಕ್ಷತ್ರ ಬಿತ್ತು’ ಅಂತೀವಿ. ಇತ್ತ ಮೊಬೈಲ್‌ನಲ್ಲಿ ‘ಭೂಮಿಯತ್ತ ನುಗ್ಗುತ್ತಿದೆ ಕ್ಷುದ್ರಗ್ರಹ’ ಅನ್ನೋ ಸಂದೇಶ ಆಗಾಗ ಬರುತ್ತೆ, ಮನೆಮಂದಿ ಹೆದರ್ತಾರೆ. ಹೆದರಬೇಕಾ ಬೇಡವಾ ಅಂತ ತಿಳಿಯೋಕೆ ಮೊದಲು ಯಾವುದು ಏನು ಅಂತ ಗೊತ್ತಿರಬೇಕು.

ಕ್ಷುದ್ರಗ್ರಹ ಅಂದ್ರೆ ಸೂರ್ಯನನ್ನು ಸುತ್ತುವ ಕಲ್ಲು ಅಥವಾ ಲೋಹದ ತುಂಡು. ಗ್ರಹಗಳು ರೂಪುಗೊಂಡಾಗ ಮಿಕ್ಕುಳಿದ ಸಾಮಗ್ರಿ ಇದು. ಬಹುಪಾಲು ಮಂಗಳ ಮತ್ತು ಗುರು ಗ್ರಹಗಳ ನಡುವೆ ಇವೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಆರ್. ರಾಜಮೋಹನ್ ಅವರು 1988ರಲ್ಲಿ ತಮಿಳುನಾಡಿನ ಕಾವಲೂರು ವೀಕ್ಷಣಾಲಯದಿಂದ ಒಂದನ್ನು ಪತ್ತೆ ಹಚ್ಚಿದರು. ಅದರ ಹೆಸರು 4130 ರಾಮಾನುಜನ್.

ಧೂಮಕೇತು, ಅಂದ್ರೆ ನಮ್ಮ ಬಾಲಚುಕ್ಕಿ, ಮಂಜುಗಡ್ಡೆ ಮತ್ತು ಧೂಳಿನ ಉಂಡೆ. ಸೂರ್ಯನ ಹತ್ತಿರ ಬಂದಾಗ ಮಂಜು ಆವಿಯಾಗಿ, ಧೂಳನ್ನೂ ಹೊತ್ತು ಬಾಲವಾಗುತ್ತೆ. ಹ್ಯಾಲಿ ಧೂಮಕೇತು 1986ರಲ್ಲಿ ಬಂದಿತ್ತು, ಮತ್ತೆ ಬರೋದು 2061ಕ್ಕೆ. ದಿನಗಟ್ಟಲೆ ಕಂಡರೆ ಧೂಮಕೇತು. ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾದರೆ ಅದು ಉಲ್ಕೆ.

ಉಲ್ಕೆ ಅಂದ್ರೆ ಸುಮಾರು 100 ಕಿ.ಮೀ. ಎತ್ತರದಲ್ಲಿ ವಾತಾವರಣಕ್ಕೆ ನುಗ್ಗಿದ ಚೂರು ಉರಿಯುವಾಗ ಕಾಣುವ ಬೆಳಕು. ಹೆಚ್ಚಿನವು ಮರಳಿನ ಕಾಳಿನಷ್ಟಿರುತ್ತವೆ, ಮೇಲೇ ಮುಗಿದುಹೋಗ್ತವೆ. ಪೂರ್ತಿ ಉರಿಯದೆ ನೆಲ ಮುಟ್ಟಿದರೆ ಅದು ಉಲ್ಕಾಶಿಲೆ. ಅದಕ್ಕೆ ಬಿದ್ದ ಊರಿನ ಹೆಸರನ್ನೇ ಇಡ್ತಾರೆ. 1866ರಲ್ಲಿ ಬಿದ್ದ ಒಂದು ಕಲ್ಲು ಜಗತ್ತಿನ ಪಟ್ಟಿಯಲ್ಲಿ ಇಂದಿಗೂ ‘ಉಡಿಪಿ’. ನಾಳೆ ಕಪಿಲಾ ದಂಡೆಯಲ್ಲಿ ಬಿದ್ದರೆ ಅದು ‘ನಂಜನಗೂಡು’ ಆಗಬಹುದು!

ಹಾಗಂತ ಹೊಲದಲ್ಲಿ ಸಿಕ್ಕ ಕರಿಕಲ್ಲೆಲ್ಲ ಆಕಾಶದ್ದಲ್ಲ. ಹೊಸದಾಗಿ ಬಿದ್ದ ಉಲ್ಕಾಶಿಲೆಗೆ ತೆಳುವಾದ ಕಪ್ಪು ಸಿಪ್ಪೆ ಇರುತ್ತೆ, ಗಾತ್ರಕ್ಕಿಂತ ತೂಕ ಜಾಸ್ತಿ, ಹೆಚ್ಚಿನವು ಆಯಸ್ಕಾಂತಕ್ಕೆ ಅಂಟುತ್ತವೆ. ಆದರೆ ಕಬ್ಬಿಣದ ಅದಿರೂ ಅಂಟುತ್ತೆ. ಆದ್ದರಿಂದ ‘ಕೋಟಿ ಬೆಲೆ’ ಅಂತ ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿ. ತಾಲ್ಲೂಕು ಆಡಳಿತಕ್ಕೆ ತಿಳಿಸಿ. ಇಂಥ ಕಲ್ಲುಗಳನ್ನು ಪರೀಕ್ಷಿಸಿ ಕಾಪಾಡೋದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ.

ಇನ್ನು ಹೆದರಿಕೆಯ ಮಾತು. 2013ರ ಫೆಬ್ರುವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರ್ ಅಗಲದ ಬಂಡೆ ಸಿಡಿಯಿತು. ಸುಮಾರು 1,500 ಜನ ಗಾಯಗೊಂಡರು, ಹೆಚ್ಚಿನವರಿಗೆ ತಾಗಿದ್ದು ಕಲ್ಲಲ್ಲ, ಒಡೆದ ಕಿಟಕಿ ಗಾಜು. ಬೆಳಕು ಕಂಡು ಏನಾಯ್ತು ಅಂತ ಕಿಟಕಿಗೆ ಬಂದವರಿದ್ದರು, ಸದ್ದಿನ ಅಲೆ ಆಮೇಲೆ ಬಂತು. ಹಾಗಾಗಿ ಹಗಲಿನಂಥ ಬೆಳಕು ಮಿಂಚಿದರೆ ಕಿಟಕಿಯಿಂದ ದೂರ ಸರಿಯಿರಿ. ಇಂಥದ್ದು ಬಲು ಅಪರೂಪ. ‘ಹತ್ತಿರ ಹಾದುಹೋಗುತ್ತೆ’ ಅನ್ನೋ ಸುದ್ದಿಗಳಲ್ಲಿ ಆ ಹತ್ತಿರ ಅನ್ನೋದು ಸಾಮಾನ್ಯವಾಗಿ ಲಕ್ಷಗಟ್ಟಲೆ ಕಿ.ಮೀ. ಸಂದೇಶ ಮುಂದೆ ಕಳಿಸೋ ಮುಂಚೆ ಎಷ್ಟು ದೂರ ಅಂತ ನೋಡಿ.

ಹೆದರಿಕೆಯಿಲ್ಲದೆ ನೋಡಬೇಕಾ? ಡಿಸೆಂಬರ್ 13, 14ರ ರಾತ್ರಿ ಹತ್ತರ ಮೇಲೆ ದೀಪಗಳಿಂದ ದೂರ ಹೋಗಿ ಅಂಗಾತ ಮಲಗಿ. ಅದು ಜೆಮಿನಿಡ್ ಉಲ್ಕಾವರ್ಷ. ಧೂಮಕೇತುವಿನ ಧೂಳಿನಿಂದಲ್ಲ, ಫೇಥಾನ್ ಅನ್ನೋ ಕ್ಷುದ್ರಗ್ರಹದ ಚೂರುಗಳಿಂದ ಆಗುವಂಥದ್ದು. ದೂರದರ್ಶಕ ಬೇಡ, ಕಂಬಳಿ ಸಾಕು.