ಅಕಾಲದಲ್ಲಿ ಅಗಲಿದ ಕನ್ನಡಬಂಧು ವೈಗ್ಲೆ

ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಗೆ ಆ ಹೆಸರು 1880ರಿಂದ 1884ರವರೆಗೆ ವೈಸರಾಯರಾಗಿದ್ದ ರಿಪ್ಪನ್ ಪ್ರಭುಗಳಿಂದ ಬಂದುದೆಂದು ಪ್ರತೀತಿ. ಮೈಸೂರು ಸಂಸ್ಥಾನವು 1881ರಲ್ಲಿ ಒಡೆಯರಿಗೆ ಮರಳಿದುದೂ, ದೇಶಭಾಷಾ ಪತ್ರಿಕೆಗಳ ಬಾಯಿಕಟ್ಟಿದ ಕಾನೂನು ತೊಲಗಿದುದೂ ಅವರ ಆಡಳಿತದಲ್ಲಿಯೇ. ಆದಕಾರಣ ಆ ಹೆಸರಿನ ವಿಷಯದಲ್ಲಿ ನಮಗೆ ಅಸಮಾಧಾನವಿಲ್ಲ. ಆದರೆ ಆಳಲು ಬಂದವರ ಹೆಸರು ಊರೂರುಗಳಲ್ಲಿ ಉಳಿದಿರಲು, ನಮ್ಮ ನುಡಿಯ ಮುಂದೆ ವಿದ್ಯಾರ್ಥಿಯಾಗಿ ಕುಳಿತು ಪ್ರಾಯದಲ್ಲಿಯೇ ಈ ಮಣ್ಣಿನಲ್ಲಿ ಮಡಿದವನೊಬ್ಬನ ಹೆಸರನ್ನು ಕನ್ನಡಿಗರು ಮರೆತಿರುವುದು ವ್ಯಸನಕರವಲ್ಲವೇ?

ಗಾಟ್‌ಫ್ರೀಡ್ ವೈಗ್ಲೆ 1816ರಲ್ಲಿ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯಲ್ಲಿ ಜನಿಸಿದನು. 'ಮಂಗಳೂರ ಸಮಾಚಾರ'ದ ಸಂಪಾದಕರಾದ ಹರ್ಮನ್ ಮೋಗ್ಲಿಂಗರ ಆಪ್ತಮಿತ್ರನೀತನು. ಬಾಸೆಲ್ ಮಿಶನ್ನಿನ ಪಾದ್ರಿಯಾಗಿ 1840ರ ಸುಮಾರಿಗೆ ಕನ್ನಡನಾಡನ್ನು ಸೇರಿದನು. ಕ್ರಿಸ್ತಮತಪ್ರಚಾರವೇ ಆತನ ಉದ್ದೇಶವಾಗಿತ್ತು, ಅದನ್ನು ಮರೆಮಾಚಬೇಕಾದುದಿಲ್ಲ. ಆದರೆ ಜನರ ಹೃದಯವನ್ನು ಮುಟ್ಟಬೇಕಾದರೆ ಅವರ ನುಡಿಯನ್ನು ಬೇರುಸಹಿತ ಅರಿಯಬೇಕೆಂಬ ವಿವೇಕವು ಆತನಲ್ಲಿದ್ದಿತು.

ಆ ಕಾಲದಲ್ಲಿ ನಮ್ಮ ಪ್ರಾಚೀನ ಕಾವ್ಯಗಳು ಬಹುಮಟ್ಟಿಗೆ ಓಲೆಗರಿಗಳಲ್ಲಿಯೇ ಅಡಗಿದ್ದವು. ಮೋಗ್ಲಿಂಗರು ಮದರಾಸಿನ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರರ ಧನಸಹಾಯದಿಂದ ಜೈಮಿನಿಭಾರತ, ಬಸವಪುರಾಣ, ದಾಸರ ಪದಗಳೇ ಮೊದಲಾದುವನ್ನು ಅಚ್ಚುಹಾಕಿಸಲು ತೊಡಗಿದುದು 1848ರಲ್ಲಿ. ಅದೇ ವರ್ಷ ವೈಗ್ಲೆಯು ಕನ್ನಡ ಭಾಷೆಯನ್ನೂ ಸಾಹಿತ್ಯವನ್ನೂ ಕುರಿತು ಬರೆದ ದೀರ್ಘ ಲೇಖನವು ಜರ್ಮನಿಯ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಂಸ್ಕೃತವೊಂದೇ ಭಾರತದ ವಾಙ್ಮಯವೆಂದು ಭಾವಿಸುತ್ತಿದ್ದ ಪಂಡಿತರೆದುರಿಗೆ ಕನ್ನಡಕ್ಕೂ ತನ್ನದೇ ಆದ ಸಾಹಿತ್ಯಸಂಪತ್ತುಂಟೆಂದು ಸಾರಿದ ಸಾಕ್ಷಿಯದು.

ಹ್ಯಾಂಡ್ಸ್ ಮತ್ತು ರೀವ್ ಎಂಬ ಪಾದ್ರಿಗಳು ಬಳ್ಳಾರಿಯಲ್ಲಿ ಸಿದ್ಧಪಡಿಸಿದ ಕನ್ನಡ ಬೈಬಲ್ಲು 1831ರಲ್ಲಿ ಪೂರ್ಣಗೊಂಡಿದ್ದಿತು. ಅದನ್ನು ಪರಿಷ್ಕರಿಸುವ ಭಾರವನ್ನು ಹೊತ್ತವರಲ್ಲಿ ವೈಗ್ಲೆಯು ಪ್ರಮುಖನು. ಕಾರ್ಯವಿನ್ನೂ ನಡೆಯುತ್ತಿರುವಾಗಲೇ, 1855ರ ಜೂನ್ ತಿಂಗಳಲ್ಲಿ, ನಾಲ್ವತ್ತು ತುಂಬುವ ಮೊದಲೇ, ಮಂಗಳೂರಿನಲ್ಲಿ ಕಾಲವಶನಾದನು. ಪರಿಷ್ಕೃತ ಗ್ರಂಥವು ಸಂಪೂರ್ಣವಾಗಿ ಹೊರಬಂದುದು 1865ರಲ್ಲಿ. ಅದನ್ನು ಕಾಣುವ ಭಾಗ್ಯವು ಆತನಿಗಿಲ್ಲವಾಯಿತು. ಆತನ ವಿಧವೆ ಪೌಲೀನಳನ್ನು ಮುಂದೆ ಮೋಗ್ಲಿಂಗರು ವಿವಾಹವಾಗಿ ಮಿತ್ರನ ಸಂಸಾರಕ್ಕೆ ಆಸರೆಯಾದರು.

ಅದೇ ಮಿಶನ್ನಿನಿಂದ 1853ರಲ್ಲಿ ಬಂದ ಕಿಟ್ಟೆಲರಿಗೆ ಆಯುಷ್ಯವಿದ್ದಿತು. ನಾಲ್ವತ್ತು ವರ್ಷಗಳ ಬಳಿಕ, 1894ರಲ್ಲಿ, ಅವರ ನಿಘಂಟು ಬೆಳಕು ಕಂಡಿತು. ವೈಗ್ಲೆಗೂ ಅಷ್ಟು ಕಾಲ ದೊರೆತಿದ್ದರೆ ನಮ್ಮ ನುಡಿಗೆ ಏನು ಲಭಿಸುತ್ತಿತ್ತೋ ಬಲ್ಲವರಾರು!

ಪರಮತದವನು, ಪರದೇಶದವನು ಎಂದು ಇಂತಹವನನ್ನು ದೂರವಿಡುವುದು ದೇಶಾಭಿಮಾನವಲ್ಲ. ಕನ್ನಡವನ್ನು ಕಲಿತು, ಕನ್ನಡಕ್ಕಾಗಿ ದುಡಿದು, ಕನ್ನಡದ ನೆಲದಲ್ಲಿ ಒರಗಿದವನು ನಮ್ಮವನೇ. ಆತನ ಸ್ಮರಣೆಗೆ ಶಿಲಾಮೂರ್ತಿ ಬೇಡ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹಳೆಯ ಮನೆಗಳ ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಗುತ್ತಿರುವ ಓಲೆಗರಿಯ ಕಟ್ಟುಗಳು ಇಂದಿಗೂ ಇದ್ದಾವು. ಅವನ್ನು ಕೆಳಗಿಳಿಸಿ, ಧೂಳು ಕೊಡವಿ, ಕೆಳದಿಯ ವಸ್ತುಸಂಗ್ರಹಾಲಯದಂತಹ ಸ್ಥಳಗಳಿಗೆ ಒಪ್ಪಿಸುವವನು ವೈಗ್ಲೆಯ ಅರೆಯುಳಿದ ಕೆಲಸವನ್ನು ಒಂದು ಹೆಜ್ಜೆ ಮುಂದುವರಿಸಿದಂತೆಯೇ ಸರಿ. ವಿದ್ಯಾವಂತರಾದ ನಮ್ಮ ಪಟ್ಟಣಿಗರೂ ಅಧಿಕಾರಿಗಳೂ ಇಷ್ಟಕ್ಕಾದರೂ ಮನಸ್ಸು ಮಾಡುವರೇ?