ಅನ್ನ, ದೂರ, ಶಾಲೆ: ಚೆನ್ನೈಯಲ್ಲಿ ಕಡ್ಡಾಯ ಶಿಕ್ಷಣದ ನೂರು ವರ್ಷ

ಮದರಾಸು ಪ್ರಾಂತ್ಯದಲ್ಲಿ 1920ರಲ್ಲಿ ಜಾರಿಗೆ ಬಂದ ಪ್ರಾಥಮಿಕ ಶಿಕ್ಷಣ ಕಾಯಿದೆಯು, ಸ್ಥಳೀಯ ಸಂಸ್ಥೆಗಳು ಇಚ್ಛಿಸಿದಲ್ಲಿ ತಮ್ಮ ವ್ಯಾಪ್ತಿಯೊಳಗೆ ಶಾಲಾ ಶಿಕ್ಷಣವನ್ನು ಕಡ್ಡಾಯಗೊಳಿಸಬಹುದೆಂದೂ ಅದರ ವೆಚ್ಚಕ್ಕಾಗಿ ಶಿಕ್ಷಣ ತೆರಿಗೆ ವಿಧಿಸಬಹುದೆಂದೂ ಹೇಳಿತು. ಮಂಗಳೂರು, ಕಾಸರಗೋಡು, ಬಳ್ಳಾರಿ, ಕೊಳ್ಳೇಗಾಲಗಳು ಆಗ ಮದರಾಸಿನ ಆಡಳಿತಕ್ಕೇ ಸೇರಿದ್ದುದರಿಂದ ಇದು ಕನ್ನಡಿಗರ ಶಿಕ್ಷಣ ಚರಿತ್ರೆಯ ಒಂದು ಅಧ್ಯಾಯವೂ ಹೌದು. ಆದರೆ ಹೊತ್ತಿನ ಊಟಕ್ಕೇ ಪರದಾಡುವ ಮನೆಯ ಮಗು ಬರಿಯ ಆಜ್ಞೆಯಿಂದ ತರಗತಿಗೆ ಬಂದು ಕೂರುವುದಿಲ್ಲವೆಂಬ ಸತ್ಯವನ್ನು ಆ ಕಾಯಿದೆಗಿಂತ ಚೆನ್ನಾಗಿ ಅರಿತದ್ದು ಮದರಾಸು ನಗರಸಭೆ.

ಜಸ್ಟಿಸ್ ಪಕ್ಷದ ನಾಯಕ ಪಿ. ತ್ಯಾಗರಾಯ ಚೆಟ್ಟಿಯವರು ಅದೇ 1920ರಲ್ಲಿ ನಗರಸಭೆಯ ಅಧ್ಯಕ್ಷರಾಗಿದ್ದಾಗ, ಥೌಸಂಡ್ ಲೈಟ್ಸ್ ಪ್ರದೇಶದ ನಗರಸಭಾ ಶಾಲೆಯೊಂದರಲ್ಲಿ, ವಿದ್ಯಾರ್ಥಿಯೊಬ್ಬನಿಗೆ ದಿನಕ್ಕೆ ಒಂದು ಆಣೆ ಮೀರದ ಖರ್ಚಿನಲ್ಲಿ ಮಧ್ಯಾಹ್ನದ ಊಟ ನೀಡುವ ವ್ಯವಸ್ಥೆ ಆರಂಭವಾಯಿತು. ಪ್ರಾಥಮಿಕ ಶಿಕ್ಷಣದ ನಿಧಿಯಿಂದ ಊಟಕ್ಕೆ ಹಣ ಬಳಸಲು ಬ್ರಿಟಿಷ್ ಸರ್ಕಾರ ಒಪ್ಪದ ಕಾರಣ 1925ರಲ್ಲಿ ಅದು ನಿಂತಿತು. ಊಟವೂ ಶಿಕ್ಷಣದ ಖರ್ಚೇ ಎಂಬುದನ್ನು ಲೆಕ್ಕಪತ್ರ ಅಂದು ಒಪ್ಪಲಿಲ್ಲ. ಅದನ್ನು ಒಪ್ಪಿ ರಾಜ್ಯದ ನೀತಿಯನ್ನಾಗಿ ಮಾಡಿದವರು ಕೆ. ಕಾಮರಾಜರು. 1956ರಲ್ಲಿ ಅವರ ಸರ್ಕಾರ ಆರಂಭಿಸಿದ ಯೋಜನೆಯು 1982ರಲ್ಲಿ ಎಂ. ಜಿ. ರಾಮಚಂದ್ರನ್ ಅವರ ಕಾಲದಲ್ಲಿ ಪೌಷ್ಟಿಕ ಆಹಾರ ಯೋಜನೆಯಾಗಿ ವಿಸ್ತಾರಗೊಂಡಿತು. 2022ರಿಂದ ಬೆಳಗಿನ ಉಪಾಹಾರವೂ ಸೇರಿದೆ. ತಮಿಳುನಾಡಿನ ಸಾಧನೆಯ ಬೇರು ಶಾಸನಕ್ಕಿಂತ ಹೆಚ್ಚಾಗಿ ಈ ಅಡುಗೆಮನೆಗಳಲ್ಲಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು, ಮಗುವನ್ನು ದಾಖಲಿಸಿ, ಹಾಜರಾತಿಯನ್ನೂ ಕಲಿಕೆಯ ಪೂರ್ಣತೆಯನ್ನೂ ಖಚಿತಪಡಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ. ದಾಖಲಿಸುವುದು ಪೋಷಕರ ಕರ್ತವ್ಯವೆಂದು ಅದು ಹೇಳಿದರೂ ತಪ್ಪಿದವರಿಗೆ ದಂಡ ವಿಧಿಸುವುದಿಲ್ಲ, ಇದು ಸರಿಯೂ ಹೌದು. ಶಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಖಾಸಗಿ ಶಾಲೆಗಳು ಆರಂಭದ ತರಗತಿಯಲ್ಲಿ ಕನಿಷ್ಠ ಶೇಕಡ 25ರಷ್ಟು ಸ್ಥಾನಗಳನ್ನು ಬಡ ಹಾಗೂ ಅವಕಾಶವಂಚಿತ ಮಕ್ಕಳಿಗೆ ಮೀಸಲಿಡಬೇಕು, ಅವರ ಶುಲ್ಕವನ್ನು ಸರ್ಕಾರ ನಿಯಮದಂತೆ ಮರುಪಾವತಿಸಬೇಕು. ಕೇಂದ್ರ ಮತ್ತು ರಾಜ್ಯದ ನಡುವಿನ ಅನುದಾನದ ವಿವಾದದಲ್ಲಿ ಈ ಮರುಪಾವತಿಯೂ ಸಿಕ್ಕಿಕೊಂಡುದರಿಂದ, ತಮಿಳುನಾಡಿನಲ್ಲಿ 2025ರ ಈ ಪ್ರವೇಶಗಳು ಶಾಲೆ ತೆರೆದು ತಿಂಗಳುಗಳಾದ ಮೇಲೆ, ಅಕ್ಟೋಬರಿನಲ್ಲಷ್ಟೇ ಆರಂಭವಾದವು. ಆಡಳಿತಗಳ ಜಗಳಕ್ಕೆ ಪುಟ್ಟ ಮಕ್ಕಳು ಬೆಲೆ ತೆತ್ತದ್ದು ಅಕ್ಷಮ್ಯ.

ಇಂದಿನ ಚೆನ್ನೈಯಲ್ಲಿ ಇನ್ನೊಂದು ತೊಡಕು ದೂರದ್ದು. ನದಿದಡಗಳಿಂದಲೂ ಕೊಳೆಗೇರಿಗಳಿಂದಲೂ ಎಬ್ಬಿಸಿದ ಕುಟುಂಬಗಳನ್ನು ನಗರದ ದಕ್ಷಿಣ ಅಂಚಿನ ಕಣ್ಣಗಿ ನಗರ, ಸೆಮ್ಮಂಚೇರಿ, ಪೆರುಂಬಾಕ್ಕಂಗಳಲ್ಲಿ ನೆಲೆಗೊಳಿಸಲಾಗಿದೆ. ಶಾಲಾ ವರ್ಷದ ನಡುವೆ ಮನೆ ಕಳೆದುಕೊಂಡ ಮಗುವಿಗೆ ಹಳೆಯ ಶಾಲೆ ದಿನವೂ ಹೋಗಿಬರಲಾಗದಷ್ಟು ದೂರವಾಗುತ್ತದೆ. ಹೊಸ ನೆಲೆಯಲ್ಲಿ ತರಗತಿಗಳು ಸಾಲದಿದ್ದರೆ ಬೇರೆ ಶಾಲೆಗೆ ವರ್ಗಾವಣೆ ಪಡೆಯುವ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಶಿಕ್ಷಣ ಹಕ್ಕು ಕಾಯಿದೆಯ ಮಾದರಿ ನಿಯಮಗಳು ಪ್ರಾಥಮಿಕ ಶಾಲೆಯು 1 ಕಿಲೋಮೀಟರಿನೊಳಗೆ ಇರಬೇಕೆನ್ನುತ್ತವೆ. ಆದ್ದರಿಂದ ಸ್ಥಳಾಂತರದ ಆದೇಶ ಹೊರಡುವ ಮುನ್ನವೇ ಅಲ್ಲಿ ಶಾಲೆಯೂ ಶಿಕ್ಷಕರೂ ಸಿದ್ಧರಿರಬೇಕು, ತೆರವು ಅನಿವಾರ್ಯವಾದರೂ ಅದು ಬೇಸಿಗೆ ರಜೆಯಲ್ಲೇ ನಡೆಯಬೇಕು.